ಮಾರುತಿಯ ಬಲಗಡೆ

ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ವೈಜಯಂತಿ ದೇವರ ಮುಂದಿನ ಹಿತ್ತಾಳೆ ದೀಪವನ್ನು ಬಲಕ್ಕೆ ಸರಿಸಿದಳು. ಕಿರ್ರೆಂದು ಸದ್ದಾಯಿತು. ಮೊಳದೆತ್ತರದ ಕಲ್ಲು ಮಾರುತಿ ಮಾತ್ರ ಕಣ್ಣರಳಿಸಿ ನೋಡುತ್ತಿದ್ದ. ಅವನು ಯಾರಿಗೂ ಹೇಳುವವನಲ್ಲ.

ಹುಟ್ಟಿದಾಗಿನಿಂದ ಅವಳು ಇಷ್ಟು ಧೈರ್ಯ ಮಾಡಿರಲಿಲ್ಲ. ಕಲಬುರ್ಗಿಯ ಶಹಾಬಜಾರದ ಮನೆಯಲ್ಲಿ ಅವಳ ದನಿ ಡೈರಿಯ ಪುಟ ದಾಟಿ ಹೊರಗೆ ಬಂದದ್ದೇ ಕಡಿಮೆ. ಬಿ.ಎಸ್ಸಿ. ಮುಗಿದು, ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಬಂದಿತ್ತು. ಒಂದು ಫಿಸಿಕ್ಸ್, ಇನ್ನೊಂದು ಕಂಪ್ಯೂಟರ್ ಸೈನ್ಸ್. ನಾಳೆ ಕಲಬುರ್ಗಿಯಲ್ಲಿ ಯುನಿವರ್ಸಿಟಿಗೆ ಹೋಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ಅವಳಿಗೆ ಫಿಸಿಕ್ಸ್ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬಾಯಿಬಿಟ್ಟು ಹೇಳಲಾರದಷ್ಟು.

ಆದರೆ ಆ ಮನೆತನದ ತೀರ್ಮಾನಗಳೆಲ್ಲ ಆಗುವುದು ಕಮಲಾಪುರದಲ್ಲಿ, ದೊಡ್ಡಪ್ಪ ವಾಸುದೇವರಾಯರ ಮನೆಯಲ್ಲಿ. ಅದಕ್ಕೇ ಅಪ್ಪ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬಂದಿದ್ದರು. ಬಸ್ಸಿಳಿದವರೇ ಹಮೀದನ ಗಾಡಿಯ ಮುಂದೆ ನಿಂತು ಕೆಂಪು ಬಾಳೆಹಣ್ಣು ಒಂದೊಂದಾಗಿ ಒತ್ತಿ ನೋಡಿದರು.

“ಮಂದಿ ಗಟ್ಟಿ ಹಣ್ಣು ಕೇಳ್ತಾರ ಸಾಬ್. ನೀವೇನ್ರಿ, ಕಳಿತದ್ದೇ ಆರಿಸ್ಲಿಕ್ಕತ್ತೀರಿ?”

“ದೇವರಿಗೆ ಹಲ್ಲಿಲ್ಲ, ಹಮೀದ್.”

“ಅದೂ ಖರೇನೇ ಬಿಡ್ರಿ!”

ದೊಡ್ಡಪ್ಪ ಅಲ್ಲಿಯ ಬ್ಯಾಂಕಿನ ಮ್ಯಾನೇಜರು. ಹೋದ ವರ್ಷ, ತೊಂಬತ್ಮೂರರಲ್ಲಿ, ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಿನಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ.

“ಚಪ್ಪಲಿ ಹೊರಗ ಬಿಟ್ಟು ಹೋಗ್ಬೇಕವಾ ಅದರ ಖೋಲಿಗಿ. ಅದಕ್ಕ ಎ.ಸಿ., ನನಗ ಫ್ಯಾನು. ಈಗ ನೀನೇ ಹೇಳು, ಬ್ಯಾಂಕಿನ್ಯಾಗ ಯಾರು ದೊಡ್ಡವರು?”

ವೈಜಯಂತಿ ನೆಲ ನೋಡಿದಳು.

“ಫಿಸಿಕ್ಸ್ ಓದಿ ಏನ್ ಮಾಡ್ತಿ? ಮ್ಯಾಲಿಂದು ಕೆಳಗ ಬೀಳ್ತದ ಅಂತ ತಿಳಕೋಳಿಕ್ಕೆ ಎಂ.ಎಸ್ಸಿ. ಯಾಕ ಬೇಕು? ಏನಂತೀ ಬಂಡು?”

“ನೀ ಅಂದಂಗ ಅಣ್ಣಾ,” ಎಂದರು ಅಪ್ಪ.

ಅದು ಅವಳಿಗೆ ಚುಚ್ಚಿತು. ಪಿಯುಸಿಯಲ್ಲಿ ಅವಳ ಲೋಲಕದ ಪ್ರಯೋಗಕ್ಕೆ ಗುಂಡು ಸಿಗದಿದ್ದಾಗ ತೊಲೆಗೆ ದಾರ ಕಟ್ಟಿ, ತಲಬಾಗಿಲ ಬೀಗವನ್ನೇ ತೂಗಿಬಿಟ್ಟು, ಬೀಗವಿಲ್ಲದ ಮನೆ ಕಾಯಲು ಆಫೀಸಿಗೆ ರಜೆ ಹಾಕಿ ಕೂತವರು ಇದೇ ಅಪ್ಪ. ಅಣ್ಣನ ಮುಂದೆ ಮಾತ್ರ ಅವರಿಗೆ ನಾಲಿಗೆಯೇ ಇರಲಿಲ್ಲ. ತಮ್ಮದೆಂದು ಸೇರಿಸಿದ್ದು ಇಷ್ಟೇ:

“ಒಂದ್ಸಲ ಮಾರುತಿಗೆ ಕೇಳಿಬಿಡೋಣು. ಮುಂದ ಯಾರೂ ಏನೂ ಅನ್ನಬಾರದು.”

ಕೌಲು ಹಚ್ಚುವುದು ಆ ಮನೆಯ ಪದ್ಧತಿ. ಮಾರುತಿಯ ಎರಡೂ ಭುಜಕ್ಕೆ ಹೂವಿನ ಒದ್ದೆ ಎಸಳು ಅಂಟಿಸುವುದು. ಯಾವುದು ಮೊದಲು ಬೀಳುತ್ತದೋ ಅದೇ ಅವನ ಅಪ್ಪಣೆ. ಅದನ್ನು ಮೀರುವ ಎದೆ ದೊಡ್ಡಪ್ಪನಿಗೂ ಇರಲಿಲ್ಲ.

“ಬಲಕ್ಕ ಫಿಸಿಕ್ಸು, ಎಡಕ್ಕ ಕಂಪ್ಯೂಟರು,” ಎಂದು ಅಜ್ಜಿ ಪಾರ್ವತೀಬಾಯಿ ಗೊತ್ತುಮಾಡಿ ತುಳಸಿ ತರಲು ಹೋದರು.

ವೈಜಯಂತಿಯ ಲೆಕ್ಕ ಸರಳವಾಗಿತ್ತು. ಎಸಳನ್ನು ಹಿಡಿದಿಡುವುದು ನೀರು. ದೀಪದ ಕಾವು ತಾಗುವ ಕಡೆ ನೀರು ಬೇಗ ಆರುತ್ತದೆ, ಎಸಳು ಬೇಗ ಬೀಳುತ್ತದೆ. ಆದ್ದರಿಂದಲೇ ದೀಪ ಬಲಕ್ಕೆ ಸರಿದಿತ್ತು.

ಎಲ್ಲರೂ ಬಂದು ಕೂತರು. ಅಪ್ಪ ಮಡಿಯುಟ್ಟು ನೈವೇದ್ಯಕ್ಕೆ ಹಣ್ಣು ಸುಲಿದಿಟ್ಟರು. ದಾಸವಾಳದ ಎಸಳುಗಳನ್ನು ನೀರಿನಲ್ಲಿ ಅದ್ದಿದರು.

“ಯಾವ ಬಲ ಅವ್ವಾ?”

“ಮಾರುತಿ ಬಲ. ನಾವು ಕೇಳ್ಲಿಕ್ಕತ್ತಿದ್ದು ಅವಗೋ, ನಿನಗೋ?”

ವೈಜಯಂತಿ ದೀಪದ ಕಡೆ ನೋಡಿದಳು. ಮಾರುತಿ ಅವಳಿಗೆ ಎದುರಾಗಿ ನಿಂತಿದ್ದ. ಅವನ ಬಲ ಅವಳ ಎಡ. ದೀಪ ಉರಿಯುತ್ತಿದ್ದದ್ದು ಕಂಪ್ಯೂಟರಿನ ಮಗ್ಗುಲಲ್ಲಿ! ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವ ಬಗ್ಗೆ ಪರೀಕ್ಷೆಯಲ್ಲಿ ಪೂರಾ ಅಂಕ ತೆಗೆದುಕೊಂಡವಳು ತನ್ನ ಓದಿಗೆ ತಾನೇ ಕಲ್ಲು ಹಾಕಿಕೊಂಡಿದ್ದಳು.

“ದೀಪ ವಾರೆ ಆಗೇದಲ್ಲ?” ಎಂದರು ಅಪ್ಪ, ಅವಳತ್ತ ನೋಡಿ.

“ಇರ್ಲಿ ಬಿಡೋ, ಮುಟ್ಟಬ್ಯಾಡ,” ಎಂದರು ದೊಡ್ಡಪ್ಪ. “ಬೆಳಕು ಕಂಪ್ಯೂಟರ್ ಕಡಿ ಬಿದ್ದದ. ಛಲೋ ಶಕುನ.”

“ನೀ ಅಂದಂಗ ಅಣ್ಣಾ.”

ಅಪ್ಪ ಬಲದ ಎಸಳು ಹಚ್ಚಿದರು. ಎಡದ್ದನ್ನೂ ಹಚ್ಚಿದರು. ಯಾಕೋ ಸಮಾಧಾನವಾಗದೆ ಅದನ್ನು ಇನ್ನೊಮ್ಮೆ ಒತ್ತಿದರು.

ಅಣ್ಣನ ಪರವಾಗಿ ಎಷ್ಟು ಶ್ರದ್ಧೆ ಎಂದುಕೊಂಡಳು ವೈಜಯಂತಿ. ಕಣ್ಣು ತುಂಬಿ ಬಂತು.

ಅಜ್ಜಿ ಸ್ತೋತ್ರ ಹೇಳತೊಡಗಿದರು. ದೀಪದ ಪಕ್ಕದ ಎಸಳಿನ ಅಂಚು ಮುದುಡಿತು. ದೊಡ್ಡಪ್ಪ ಮುಂದಕ್ಕೆ ಬಾಗಿದರು. ಅಂಚು ಇನ್ನಷ್ಟು ಮುದುಡಿತು. ಎಲ್ಲಿಂದಲೋ ಬಂದ ಒಂದೆರಡು ಇರುವೆ ಮಾರುತಿಯ ಎಡತೋಳು ಹತ್ತಿದವು. ಇನ್ನೇನು ಬಿತ್ತು ಎಂದು ಅವಳು ಕಣ್ಣು ಮುಚ್ಚಿಕೊಂಡಳು.

“ಅಯ್ಯ!” ಎಂದರು ಅಜ್ಜಿ.

ಕಣ್ಣು ಬಿಟ್ಟಳು. ಎಡದ ಎಸಳು ಇದ್ದಲ್ಲೇ ಇತ್ತು. ಮಾರುತಿಯ ಬಲಪಾದದ ಮೇಲೆ, ಇನ್ನೂ ತುಸು ಹಸಿಯಾಗಿಯೇ, ಫಿಸಿಕ್ಸ್ ಬಿದ್ದಿತ್ತು.

ದೊಡ್ಡಪ್ಪ ಕೈಮುಗಿದರು. “ಆತು. ಅವನ ಮುಂದ ನಮ್ಮದೇನು? ಹೋಗವಾ, ಎ.ಸಿ. ಇಲ್ಲದ್ದನ್ನೇ ಓದು. ಏನಂತೀ ಬಂಡು?”

“ನೀ ಅಂದಂಗ ಅಣ್ಣಾ.”

ವೈಜಯಂತಿ ಉದ್ದಕ್ಕೆ ಅಡ್ಡಬಿದ್ದಳು. ಕಾವು, ನೀರು, ಲೆಕ್ಕ ಎಲ್ಲ ಸುಳ್ಳಾಗಿತ್ತು. ಅವಳ ಕಳ್ಳತನವನ್ನು ಕ್ಷಮಿಸಿ, ಮಾರುತಿ ಫಿಸಿಕ್ಸಿನ ನಿಯಮವನ್ನೇ ಮುರಿದು ಅವಳಿಗೆ ಫಿಸಿಕ್ಸ್ ಕೊಟ್ಟಿದ್ದ. ಇನ್ನು ಮೇಲೆ ಶನಿವಾರ ಒಪ್ಪತ್ತು ಎಂದು ಅಲ್ಲೇ ಹರಕೆ ಹೊತ್ತಳು.

ಉಳಿದವರು ಊಟಕ್ಕೆ ಎದ್ದ ಮೇಲೆ ದೀಪವನ್ನು ಮೊದಲಿನ ಜಾಗಕ್ಕೆ ಎಳೆದಳು. ಎಡದ ಎಸಳು ಹಪ್ಪಳದಂತೆ ಒಣಗಿಯೂ ಬಿದ್ದಿರಲಿಲ್ಲ. ಊದಿದಳು. ಅಲುಗಲಿಲ್ಲ. ಬೆರಳಿನಿಂದ ತಳ್ಳಿದಳು. ಊಹೂಂ.

ಉಗುರು ಹಾಕಿ ಎಬ್ಬಿಸಿದಳು. ಎಸಳಿನ ಬೆನ್ನಿಗೆ, ಅಪ್ಪ ಒತ್ತಿದ್ದ ಜಾಗದಲ್ಲಿ, ಹಮೀದನ ಕಳಿತ ಬಾಳೆಹಣ್ಣು ಗೋಂದಿನಂತೆ ಒಣಗಿ ಕೂತಿತ್ತು.