ಸೇತುವೆ ಮೇಲೆ ಇಳಿದು ತಳ್ಳಿ

ಕಡಲು ಊರೊಳಗೆ ಬಂದು ಹಿನ್ನೀರಾಗಿ ನಿಂತ ಮೇಲೆ ನಮ್ಮ ಗುಡ್ಡಗಳು ದ್ವೀಪಗಳಾದವು, ನಾನು ಪ್ರವಾಸಿಗರಿಗೆ ಕರೆಂಟ್ ಬೈಕ್ ಬಾಡಿಗೆ ಕೊಡುವವಳಾದೆ. ಇವತ್ತು ಬಂದವರು ಜಗನ್ನಾಥ ರಾಯರು, ಹಿಂದೆ ಮಳೆನೀರು ಹರಿಯುವ ತೋಡು ಮುಚ್ಚಿ ಮನೆ ಕಟ್ಟಿ ಮಾರಿದವರು. ಒಂದೇ ದಿನದಲ್ಲಿ ಏಳೂ ದ್ವೀಪ ಸುತ್ತಬೇಕಂತೆ. ಅವರಿಗೆ ನನ್ನ ಗುರುತೇ ಹತ್ತಲಿಲ್ಲ.

"ಸೇತುವೆ ಮೇಲೆ ಇಳಿದು ತಳ್ಳಬೇಕು. ಕೆಳಗೆ ನಮ್ಮ ಮನೆಗಳುಂಟು" ಎಂದೆ.

"ಮುಳುಗಿದ ಮನೆಗೆ ಎಂತ ಮರ್ಯಾದೆ ಮಾರಾಯ್ತಿ?" ಎಂದು ನಕ್ಕು ಹೊರಟರು.

ಅವರು ಸೇತುವೆಯ ನಡುವಿಗೆ ತಲುಪಿದಾಗ ಅಂಗಡಿಯಿಂದಲೇ ಮೊಬೈಲ್ ಒತ್ತಿ ಬೈಕಿನ ಬ್ಯಾಟರಿ ಆಫ್ ಮಾಡಿದೆ. ಕೂಡಲೇ ಫೋನ್ ಬಂತು. "ಎಂತ ಡಬ್ಬಾ ಗಾಡಿ ಕೊಟ್ಟದ್ದು ನೀನು?"

"ಗಾಡಿ ಸರಿ ಉಂಟು. ಕಡಲು ಕಾಣುವ ಮನೆ ಅಂತ ನಮಗೆ ಮಾರಿದ್ದು ನೀವೇ ಅಲ್ವಾ? ಸ್ವಲ್ಪ ಬಗ್ಗಿ ನೋಡಿ ರಾಯರೇ, ಈಗ ಕಡಲಲ್ಲಿ ಮನೆ ಕಾಣ್ತದೆ. ನೋಡಿ ಆಯ್ತಾ? ಇನ್ನು ತಳ್ಳಿ."