ಎರವಲು ರಕ್ತ

ಧರ್ಮಣ್ಣ ಹಿತ್ತಲ ಮುಳ್ಳುಬೇಲಿ ಸರಿಸಿ, ಪಕ್ಕದ ಮನೆಯ ಸಾಬವ್ವನ ಕರಿ ಆಕಳನ್ನು ಸರಸರನೆ ತನ್ನ ಕೊಟ್ಟಿಗೆಗೆ ಎಳೆದುಕೊಂಡ. ರಕ್ತ ತೆಗೆಯುವವರ ಗಾಡಿ ಆಗಲೇ ನೆಲೋಗಿಯ ಬಸ್ ನಿಲ್ದಾಣ ದಾಟಿತ್ತು.

ದನಗಳು ದಿನ ತುಂಬುವ ಮೊದಲೇ ಕರು ಹಾಕುವ ಕಂದು ರೋಗ ಎಷ್ಟು ಹಬ್ಬಿದೆಯೆಂದು ತಿಳಿಯಲು ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಪಶು ಇಲಾಖೆಯವರು ಚೀಟಿ ಎತ್ತಿ ಮನೆಗಳನ್ನು ಆರಿಸಿದ್ದರು. ಅದರಲ್ಲಿ ಧರ್ಮಣ್ಣನ ಹೆಸರೂ ಬಂದಿತ್ತು. ಅವನ ಕೆಂಪು ಆಕಳು ಎರಡು ವರ್ಷದ ಹಿಂದೆ ಕಂದು ಹಾಕಿತ್ತು. ಅವನು ಸತ್ತ ಕರುವನ್ನು ಹೊಲದಲ್ಲಿ ಹೂತು ಬಾಯಿ ಮುಚ್ಚಿಕೊಂಡಿದ್ದ. ಈ ಸಲ ಅದು ನೆಟ್ಟಗೆ ಈದು ಹಾಲು ಕೊಡುತ್ತಿದ್ದರೂ ಎದೆಯ ಅಳುಕು ಹೋಗಿರಲಿಲ್ಲ. ರೋಗ ಸಿಕ್ಕರೆ ಡೇರಿಯವರು ಹಾಲು ಮುಟ್ಟುವುದಿಲ್ಲ. ಮನೆ ನಡೆಯುತ್ತಿದ್ದುದೇ ಆ ಹಾಲಿನಿಂದ.

ಸಾಬವ್ವನನ್ನು ಕಂಡರೆ ಅವನಿಗೆ ಮೊದಲಿಂದಲೂ ಅಸಡ್ಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮುದುಕಿ! ಆಕಳನ್ನು ಎರವಲು ಕೇಳಿದರೆ ಯಾಕೆ ಏನು ಅನ್ನದೆ ಹಗ್ಗವನ್ನೇ ಕೈಗಿಟ್ಟಿದ್ದಳು.

"ಒಯ್ಯೋ ತಮ್ಮಾ. ನಿನ್ನ ಆಕಳ ನನ್ನ ಅಂಗಳದಾಗ ಕಟ್ಟು, ಸುತ್ತ ಗ್ವಾಡಿ ಅದ, ಯಾರಿಗೂ ಕಾಣಂಗಿಲ್ಲ. ಗಾಡಿ ಊರು ಬಿಡೋತನಕ ಈ ಕಡಿ ಹಾಯಬ್ಯಾಡ. ಯಾರರೆ ನೋಡಿದ್ರ ಇಬ್ಬರ ಮರ್ಯಾದಿನೂ ಹೋಗ್ತದ."

ಮುದುಕಿಗೆ ಅಷ್ಟಾದರೂ ತಲೆ ಓಡಿತಲ್ಲ ಎಂದು ಮೂಗು ಮುರಿದು ಧರ್ಮಣ್ಣ ಕೆಂಪು ಆಕಳನ್ನು ಅವಳ ಅಂಗಳದಲ್ಲಿ ಕಟ್ಟಿ ಬಂದಿದ್ದ.

ಪಶುವೈದ್ಯ ಹಫೀಜ ಕರಿ ಆಕಳ ಕುತ್ತಿಗೆಗೆ ಸೂಜಿ ಚುಚ್ಚುತ್ತ ಕೇಳಿದ, "ನಿಮ್ಮ ಮನೀದೇ ಹೌದಿಲ್ರಿ?"

"ನನ್ನ ದನ ನನಗ ಗೊತ್ತಾಗಂಗಿಲ್ಲೇನ್ರಿ ಸಾಹೇಬ್ರ?"

ಹಫೀಜ ಸೀಸೆಯ ಮೇಲೆ ಹೆಸರು ಬರೆದುಕೊಂಡು ಹೋದ. ಪುಸ್ತಕ ಓದಿದವರ ಬುದ್ಧಿ ಇಷ್ಟೇ ಎಂದು ಧರ್ಮಣ್ಣ ಕೊಟ್ಟಿಗೆಯಲ್ಲೇ ಕೂತು ಮನಸಾರೆ ನಕ್ಕ. ಅಬ್ಬಾ, ತಾನೆಂಥ ಜಾಣ! ಗಾಡಿ ಊರು ದಾಟಿದ ಮೇಲೆ ಆಕಳುಗಳು ತಮ್ಮ ತಮ್ಮ ಗೂಟಕ್ಕೆ ಮರಳಿದವು.

ಇಪ್ಪತ್ತು ದಿನದ ಮೇಲೆ ಹಫೀಜ ಕಾಗದ ಹಿಡಿದು ಬಂದ. ಮುಖ ಸಪ್ಪಗಿತ್ತು.

"ನಿಮ್ಮ ಆಕಳಿಗೆ ರೋಗ ಅದ ಧರ್ಮಣ್ಣಾ. ಇವತ್ತಿಂದ ಹಾಲು ಡೇರಿಗೆ ಹಾಕಬ್ಯಾಡ್ರಿ. ಅವರಿಗೂ ತಿಳಿಸೇನಿ."

ಧರ್ಮಣ್ಣ ಕಾಗದಕ್ಕೆ ಇಣುಕಿ ನೋಡಿದ. ರೋಗ ಮುದುಕಿಯ ಆಕಳಿಗೆ, ಹೆಸರು ತನಗೆ! ನಿಜ ಹೇಳಿದರೆ ಕಳ್ಳ, ಹೇಳದಿದ್ದರೆ ಹಾಲು ಮೋರಿಗೆ. ಅವಳನ್ನು ಸುಮ್ಮನೆ ಬಿಟ್ಟಾನೆಯೇ?

"ಸಾಬವ್ವನ ಆಕಳದ್ದೂ ರಕ್ತ ತಗೀರಿ ಸಾಹೇಬ್ರ," ಅಂದ ಹಲ್ಲು ಕಡಿಯುತ್ತ. "ಆಗ ತಿಳೀತದ ರೋಗ ಎಲ್ಲಿಂದ ಬಂತು ಅಂತ!"

"ಅಕಿ ಹೆಸರೂ ಚೀಟ್ಯಾಗ ಬಂದಿತ್ರಿ. ಅವತ್ತೇ ನಿಮ್ಮ ಮನಿ ಮುಗಿಸಿ ನೆಟ್ಟಗ ಅಲ್ಲಿಗೇ ಹೋಗಿದ್ವಿ." ಹಫೀಜ ಹಾಳೆ ತಿರುವಿದ. "ಅಂಗಳದಾಗಿದ್ದ ಕೆಂಪು ಆಕಳ. ಅದಕ್ಕ ಏನೂ ರೋಗ ಇಲ್ರಿ."