ನಡು ನಳಿಗೆಯ ಮ್ಯಾಗ್ನಮ್

"ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟ ಮಂಗ್ಯಾನ ಮಗ, ನನಗ ಗ್ಯಾಸಿನ ಪಾಠ ಹೇಳಾಕ ಬಂದಾನ!"

ಎಂಜಿನಿಯರ್ ಅಭಿನಂದನ ಕೂಗಿದ್ದು ಕೊಲ್ಲಿ ನಾಡಿನ ಮೀನಾ ಅಬ್ದುಲ್ಲಾದ ತೈಲ ರಿಫೈನರಿ ಅಂಗಳದಲ್ಲಿ, ಇಡೀ ಗ್ಯಾಂಗಿನ ಮುಂದೆ. ಕೆಲವರು ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತಿತ್ತು.

ವೆಲ್ಡರ್ ಅಮರೇಶ ಹೇಳಿದ್ದು ಇಷ್ಟೇ: "ಮೀಟರ್ ಹಚ್ಚಿ ನೋಡ್ರಿ ಸರ. ಟ್ಯಾಂಕಿನ್ಯಾಗ ಇನ್ನೂ ಗ್ಯಾಸ್ ಐತಿ. ಸಂಗಪ್ಪಗೂ ಹಿಂಗ ಆಗಿತ್ತು."

ಸಂಗಪ್ಪ ಪಕ್ಕದ ಟ್ಯಾಂಕಿನಲ್ಲಿ ಸುಟ್ಟು ಸತ್ತಿದ್ದ. ಅವನ ಶವದ ಪೆಟ್ಟಿಗೆ ಊರಿನ ವಿಮಾನ ಹತ್ತಿ ವಾರವೂ ಆಗಿರಲಿಲ್ಲ. ಆ ಟ್ಯಾಂಕಿಗೂ ಮೀಟರ್ ಹಚ್ಚದೆ ಪರ್ಮಿಟ್‌ಗೆ ಸಹಿ ಹಾಕಿದವನು ಇದೇ ಅಭಿನಂದನ. ಅವನ ಸಹಿಯಿಲ್ಲದೆ ಯಾವ ಟ್ಯಾಂಕಿನಲ್ಲೂ ವೆಲ್ಡಿಂಗ್ ನಡೆಯುವಂತಿಲ್ಲ. ಸಹಿ ಬಿದ್ದ ಮೇಲೆ ಒಲ್ಲೆ ಎನ್ನುವಂತಿಲ್ಲ.

"ನಾಳೆ ಮುಂಜಾನೆ ಎಲ್ಲಾರೂ ಒಳಗ ಇಳೀಬೇಕು. ಒಲ್ಲೆ ಅಂದವನ ಇಕಾಮಾ ಕ್ಯಾನ್ಸಲ್, ಸೀದಾ ಊರಿಗೆ ವಾಪಸ್," ಎಂದ ಅಭಿನಂದನ. ಭುಜದ ಬ್ಯಾಗು ತೆಗೆದು ಅಮರೇಶನ ಎದೆಗೆ ಎಸೆದ. "ನೀ ಕೆಲಸಕ್ಕ ಲಾಯಕ್ಕಿಲ್ಲ, ಇದನ್ನ ಹೊರಾಕ ಲಾಯಕ್ಕು. ದಿನಾ ಕಾರಿಂದ ಸೈಟಿಗೆ, ಸೈಟಿಂದ ಕಾರಿಗೆ. ತಿಳೀತೇನಲೇ ಹಮಾಲ?"

"ತಿಳೀತ್ರಿ ಸರ."

ಆ ಸಂಜೆ ಅಮರೇಶ ನೇರ ಕೂಲಿಗಳ ಕ್ಯಾಂಪಿಗೆ ಹೋಗಲಿಲ್ಲ. ಸಬ್ಹಾನಿನ ಗೋದಾಮುಗಳ ಹಿಂದೆ, ಮಂಗಳೂರು ಕಡೆಯ ಅಲಿಕುಂಞಿಯ ಅಂಗಡಿಗೆ ಹೋದ. ತನಗೇನು ಬೇಕೆಂದು ಅವನು ಹೇಳಿದ ಕೂಡಲೇ ಅಲಿಕುಂಞಿ ಶಟರ್ ಅರ್ಧ ಎಳೆದ. ಬಟ್ಟೆಯಲ್ಲಿ ಸುತ್ತಿದ್ದ ಮೂರು ರಿವಾಲ್ವರ್‌ಗಳನ್ನು ಮೇಜಿನ ಮೇಲಿಟ್ಟ.

"ಮ್ಯಾಗ್ನಮ್. ಮೂರೂ ಒಂದೇ ಜಾತಿ, ಬ್ಯಾರಲ್ ಮಾತ್ರ ಬೇರೆ. ಯಾರ ಹತ್ರವೂ ಹೇಳ್ಬೇಡ ಮಾರಾಯ. ಪೊಲೀಸರು ನೋಡಿದ್ರೆ ನನ್ನ ಅಂಗಡಿಗೆ ಬೀಗ."

ಅಮರೇಶ ಗಿಡ್ಡ ನಳಿಗೆಯದನ್ನು ಎತ್ತಿಕೊಂಡ.

"ತುಂಬಾ ಜನ ಅದನ್ನೇ ತೆಗೊಳ್ಳುದು. ಕಿಸೆಗೆ ಹಿಡೀತದೆ."

ಅಮರೇಶ ಅದನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಗೋಡೆಯ ಮೇಲೆ ಬಿದ್ದ ನೆರಳು ನೋಡಿದ. "ನಲ್ಲಿ ಕಂಡಂಗ ಕಾಣ್ತೈತಿ," ಎಂದು ಕೆಳಗಿಟ್ಟ. ಉದ್ದನೆಯದನ್ನು ಗೇಣು ಹಾಕಿ ಅಳೆದ. "ಇದು ಹಿಡಸಂಗಿಲ್ಲ." ನಡು ನಳಿಗೆಯದನ್ನು ಬೆಳಕಿಗೆ ಹಿಡಿದ. ನಳಿಗೆ, ಗುಂಡು ತಿರುಗುವ ಗಾಲಿ, ಹಿಡಿ. ಗೋಡೆಯ ಮೇಲೆ ಮಗುವೂ ಗುರುತಿಸುವಂತಿತ್ತು.

"ನೆರಳು ಎಂತಕ್ಕೆ ನೋಡುದು? ಕೈಯಲ್ಲಿ ಹಿಡಿದು ನೋಡು. ಅಸಲಿ ತೂಕ."

"ಇದನ್ನ ಕೊಡ್ರಿ ಕಾಕಾ."

"ತುಂಬಿಸಿ ಕೊಡ್ಲಾ?"

"ಪೂರ್ತಿ."

"ಟ್ರಿಗರ್ ಹಗುರ ಉಂಟು. ಜಾಗ್ರತೆ."

ಕ್ಯಾಂಪಿನ ಕೋಣೆಯಲ್ಲಿ ಝಾಕಿರ್‌ನ ಕಣ್ಣಿಗೆ ಅದು ಬಿತ್ತು. ಅದೇ ಗ್ಯಾಂಗಿನವನು, ವೆಲ್ಡಿಂಗ್ ನಡೆಯುವಾಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲುವುದು ಅವನ ಕೆಲಸ.

"ಯಾ ಅಲ್ಲಾ! ಎಂತದು ಮಾರಾಯ ಇದು?"

"ಅವನ ಸಲುವಾಗಿ."

"ಇಲ್ಲಿ ಕೊಂದ್ರೆ ನೇಣು. ನಿನ್ನ ಅಮ್ಮನಿಗೂ ಒಂದು ಪೆಟ್ಟಿಗೆ ಕಳಿಸ್ಲಿಕ್ಕಾ?"

"ನಾಳೆ ಆ ಟ್ಯಾಂಕಿಗೆ ಇಳಿದರ ಎಷ್ಟು ಪೆಟ್ಟಿಗಿ ಬೇಕಾದೀತು, ಝಾಕಿರ್ ಭಾಯಿ? ನೀನೂ ಒಳಗ ಇರ್ತಿ."

ಝಾಕಿರ್ ಎದ್ದು ಬಾಗಿಲ ಚಿಲಕ ಹಾಕಿದ. ಆಮೇಲೆ ಕೇಳಿದ: "ಗೇಟಲ್ಲಿ ಬೆಂಕಿಪೆಟ್ಟಿಗೆ ಸಹ ಬಿಡುದಿಲ್ಲ. ಇದನ್ನು ಹೇಗೆ ಒಳಗೆ ತೆಗೊಂಡು ಹೋಗ್ತಿ?"

"ಒಳಗ ಒಯ್ಯಂಗಿಲ್ಲ. ಗೇಟಿನ್ಯಾಗ ಮುಗಿತೈತಿ."

ಮುಂಜಾನೆ ಅಭಿನಂದನನ ಕಾರು ಬಂತು. ಅವನು ಮುಖವನ್ನೂ ನೋಡದೆ ಬ್ಯಾಗು ಚಾಚಿದ. ಅಮರೇಶ ಅದನ್ನು ಹೆಗಲಿಗೇರಿಸಿ ಹಿಂದೆ ನಡೆದ. ಬಸ್ಸುಗಳ ಸಾಲಿನ ನಡುವೆ ಒಮ್ಮೆ ಬ್ಯಾಗು ನೆಲಕ್ಕಿಳಿಸಿ, ಬಗ್ಗಿ ಬೂಟಿನ ದಾರ ಕಟ್ಟಿಕೊಂಡ. ಗೇಟಿನ ಬಳಿ ಅವನ ಬಲಗೈ ಜಾಕೆಟ್ಟಿನೊಳಗೆ ಹೋಯಿತು.

ಕೂಲಿಗಳ ಸಾಲಿನಲ್ಲಿದ್ದ ಝಾಕಿರ್ ಕಣ್ಣು ಮುಚ್ಚಿದ.

ಸದ್ದೇನೂ ಕೇಳಲಿಲ್ಲ. ಕಣ್ಣು ಬಿಟ್ಟಾಗ ಅಮರೇಶನ ಕೈಯಲ್ಲಿದ್ದದ್ದು ಗೇಟ್ ಪಾಸು.

ಎಂಜಿನಿಯರ್‌ಗಳಿಗೆ ಬೇರೆ ಬಾಗಿಲು. ಅಲ್ಲಿ ಕಾವಲುಗಾರರು ಸಲಾಂ ಹೊಡೆಯುತ್ತಾರೆ, ಬ್ಯಾಗು ಮುಟ್ಟುವುದಿಲ್ಲ. ಕೂಲಿಗಳ ಬಾಗಿಲಲ್ಲಿ ಊಟದ ಡಬ್ಬಿಯೂ ಎಕ್ಸ್‌ರೇ ಯಂತ್ರದೊಳಗೆ ಹೋಗಬೇಕು. ಇಂದು ಸಾಹೇಬರ ಬ್ಯಾಗು ಕೂಲಿಯ ಹೆಗಲ ಮೇಲಿತ್ತು. ಅಮರೇಶ ಅದನ್ನು ಯಂತ್ರದ ಪಟ್ಟಿಯ ಮೇಲಿಟ್ಟ.

ಪಟ್ಟಿ ನಿಂತಿತು. ಪರದೆಯ ಮುಂದಿದ್ದ ಕಾವಲುಗಾರ ಕುರ್ಚಿ ಬೀಳಿಸಿಕೊಂಡು ಎದ್ದ.

"ಬ್ಯಾಗ್ ಕಿಸ್ಕಾ ಹೈ?"

"ಮೇರಾ ಹೈ!" ಬ್ಯಾಗು ತನ್ನದೆಂದು ಆಚೆ ಬಾಗಿಲಿನಿಂದಲೇ ಅಭಿನಂದನ ಎಲ್ಲರಿಗೂ ಕೇಳುವಂತೆ ಗದರಿದ. "ಎಂಜಿನಿಯರ್ ಕಾ ಹೈ! ಯಲ್ಲಾ, ಜಲ್ದಿ ಛೋಡೋ!"

ಕಾವಲಿನ ಮುಖ್ಯಸ್ಥ ಬಂದು ಬ್ಯಾಗಿನಿಂದ ರಿವಾಲ್ವರ್ ಹೊರತೆಗೆದ. ಸಾಲು ಚದುರಿತು. ಅವನು ಮಾತ್ರ ಹೆದರಲಿಲ್ಲ. ನಳಿಗೆಯ ಬಾಯಿ ಪರೀಕ್ಷಿಸಿದ, ಹುಬ್ಬು ಗಂಟಿಕ್ಕಿದ. ಎಲ್ಲರನ್ನೂ ದೂರ ಸರಿಸಿ, ಗೇಟಿನಾಚೆಯ ರಸ್ತೆಗೆ ಹೋಗಿ, ಮರಳಿನ ಕಡೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದ.

ನಳಿಗೆಯ ತುದಿಯಲ್ಲಿ ಬೆರಳುದ್ದದ ನೀಲಿ ಜ್ವಾಲೆ ಎದ್ದು ನಿಂತಿತು.

ಸಿಗರೇಟ್ ಹಚ್ಚುವ ಲೈಟರ್. ಸಣ್ಣ ಲೈಟರ್ ಆಗಿದ್ದರೆ ಯಂತ್ರದ ಕಣ್ಣು ತಪ್ಪುತ್ತಿತ್ತೇನೋ. ಈಗ ಮುಖ್ಯಸ್ಥನ ಮುಖ ಬಿಳಿಚಿತು: ಇಷ್ಟೊಂದು ಎಣ್ಣೆಯ ನಡುವೆ, ಬೆಂಕಿ! ಅಭಿನಂದನನ ಕೊರಳಿನಿಂದ ಪಾಸು ಕಿತ್ತು, ಕತ್ತರಿಯಲ್ಲಿ ಎರಡು ತುಂಡು ಮಾಡಿದ.

"ಖಲಾಸ್. ಇನ್ನು ಯಾವ ರಿಫೈನರಿಯ ಗೇಟೂ ನಿನಗಿಲ್ಲ."

ಆ ದಿನದ ಪರ್ಮಿಟ್ ಸಹಿಯಿಲ್ಲದೆ ಅಭಿನಂದನನ ಜೇಬಿನಲ್ಲೇ ಉಳಿಯಿತು.

"ಅಮರೇಶಾ!" ಜೀಪಿನತ್ತ ಎಳೆದೊಯ್ಯುವಾಗ ಅವನು ಅರಚಿದ. "ಅದು ನಂದಲ್ಲಂತ ಹೇಳೋ! ಯಾರು ಹಾಕಿದರು ಹೇಳೋ, ತಮ್ಮಾ!"

ಅಮರೇಶ ಬೆನ್ನು ತಿರುಗಿಸಿ ಕ್ಯಾಂಪಿನ ಬಸ್ಸಿನ ಕಡೆಗೆ ನಡೆದ.